ಒದ್ದೆ ಕೈಯಲ್ಲಿ ಹಿಡಿದು ನೋಡಬೇಕು

ಡಬ್ಬಿಯ ಮೇಲಿನ ಚಿತ್ರ ನನಗೆ ಬೇಡ, ಮೆರ್ಲ್.
ಅದರಲ್ಲಿ ನಗುತ್ತಿರುವವನ ಅಂಗಿಗೆ
ಒಂದು ಹುರುಪೆಯೂ ಅಂಟಿಲ್ಲ.
ಬಿಚ್ಚು, ಕೈಗೆ ಕೊಡು.
ತಾಳು, ಮೊದಲು ಒಂದು ಲೋಟ ನೀರು.
ಒಣಗಿದ ಕೈಗೆ ಯಾವ ಹಿಡಿಯೂ ಒಳ್ಳೆಯದೇ,
ಒದ್ದೆ ಕೈಯಲ್ಲಿ ಹಿಡಿದು ನೋಡಬೇಕು.

ಏಪ್ರಿಲ್ ಬಂತು. ಈರಿ ಸರೋವರದ ಮಂಜುಗಡ್ಡೆ
ದಡಕ್ಕೆ ಬಂದು ಪುಡಿಪುಡಿಯಾಗಿ ಬಿದ್ದಿದೆ.
ನಾಳೆಯಿಂದ ದೋಣಿಗಳು.
ಟೊಲೀಡೋದಿಂದ, ಡೇಟನ್ನಿಂದ, ಎಲ್ಲೆಲ್ಲಿಂದಲೋ ಬರುವ ಗಂಡಸರು,
ಹಿಡಿಯುವುದು ಗೊತ್ತು, ಸೀಳುವುದು ಗೊತ್ತಿಲ್ಲ.
ತಲೆಗೆ ಆರು ವಾಲೈ, ದೋಣಿಗೆ ಆರು ತಲೆ,
ಹಲಗೆಯ ಈಚೆ
ನಾನೊಬ್ಬಳು.

ಇಪ್ಪತ್ತೆರಡು ವರ್ಷ ಒಂದೇ ಚೂರಿ.
ಸಾಣೆ ಹಿಡಿದು ಹಿಡಿದು ಅದೀಗ
ಹಲ್ಲುಕಡ್ಡಿಗಿಂತ ಚೂರೇ ಅಗಲ.
ಅದರ ಮೊನೆಗೆ ಕಣ್ಣಿತ್ತು.
ಪಕ್ಕೆಲುಬು ತಾಗಿದರೆ ತಾನೇ ಏರಿ
ಮೇಲಿಂದ ಜಾರಿ ಹೋಗುತ್ತಿತ್ತು,
ನಾನು ಯಾರ ಜೊತೆಗೋ
ಗಾಳಿಯ ದಿಕ್ಕು ಮಾತಾಡುತ್ತಿರುವಾಗಲೇ.
ಈಗ ಮಣಿಕಟ್ಟಿನೊಳಗೆ ಯಾರೋ
ಕೆಂಡ ಹೂತಿಟ್ಟಿದ್ದಾರೆ.
ಕೈಗೆ ವಿಶ್ರಾಂತಿ ಕೊಡಿ, ಅಂದರು ಡಾಕ್ಟರು.
ಕೊಡಬಹುದು.
ಮೀನಿಗೆ ಯಾರು ಹೇಳುತ್ತಾರೆ?

ಇದು ಬ್ಯಾಟರಿಯದಾ? ಹಗುರವಾಗಿದೆ.
ಎಷ್ಟು ಮೀನಿಗೆ ಬರುತ್ತೆ?
ಎಂಬತ್ತು ಅಂತಾರಾ ಕಂಪನಿಯವರು?
ಯಾವ ಮೀನು, ಯಾವ ಚಳಿಯಲ್ಲಿ, ಕೇಳು.
ಸಂಜೆ ನಾಲ್ಕರ ಹೊತ್ತಿಗೆ ನನ್ನಲ್ಲೇ ಚಾರ್ಜು ಇರುವುದಿಲ್ಲ,
ಇನ್ನು ಇದರಲ್ಲಿ.

ಆ ದೊಡ್ಡದು ಬೇಡವೇ ಬೇಡ.
ಗುಂಡಿ ಒತ್ತಿದರೆ ಮೊಣಕೈವರೆಗೆ ಹಲ್ಲು ಕಡಿಯುತ್ತೆ.
ಪರ್ಚ್ ಮೀನಿಗೆ ಇದನ್ನೆತ್ತುವುದೆಂದರೆ
ಸೊಳ್ಳೆಗೆ ಒನಕೆ ಬೀಸಿದ ಹಾಗೆ.

ಆ ಮೂಲೆಯದು? ಧೂಳು ಕೂತಿರುವುದು,
ವೈರಿನದು, ಅಲಗು ಏಳು ಇಂಚು.
ಯಾರೂ ಕೇಳುವುದಿಲ್ಲವಾ?
ಕೊಡು ಇಲ್ಲಿ.
ಬೆರಳು ಗುಂಡಿಗೆ ತಾನಾಗೇ ಹೋಗುತ್ತೆ, ನೋಡು,
ಹುಡುಕುವ ಹಾಗಿಲ್ಲ.

ಕೋಟಿನ ಜೇಬಲ್ಲಿ ಒಂದು ಪರ್ಚ್ ಇದೆ, ಪೇಪರಿನಲ್ಲಿ ಸುತ್ತಿ.
ಅಂಗಡಿಯೊಳಗೆ ಬೇಡ ವಾಂಡಾ, ಅನ್ನಬೇಡ.
ಕಾಲಿಗೆ ಹಾಕಿ ನೋಡದೆ
ಚಪ್ಪಲಿ ಕೊಳ್ಳುತ್ತಾರಾ ಯಾರಾದರೂ?
ಪ್ಲಗ್ ಹಾಕು.

ಎರಡು ಅಲಗು, ಬೆನ್ನಿಗೆ ಬೆನ್ನು ಉಜ್ಜುತ್ತ,
ಒಂದು ಮುಂದೆ ಅಂದರೆ ಒಂದು ಹಿಂದೆ,
ಆದರೂ ಕೆಲಸ ಒಂದೇ.
ನಾನೂ ಬ್ರೋನೆಕ್ಕೂ ಹೀಗೇ ಇದ್ದೆವು ಕೆಲವು ಕಾಲ.
ಈಗವನು ಫ್ಲಾರಿಡಾದಲ್ಲಿ, ಒಣಗಿದ ಕೈ.

ಕಿವಿರಿನ ಹಿಂದೆ ಇಳಿಸಿ,
ಬೆನ್ನೆಲುಬು ತಾಗಿದ್ದೇ ಬಾಲದ ಕಡೆ ತಿರುಗಿಸಿ…
ಕೇಳಿಸಿತಾ?
ಟಕ ಟಕ ಟಕ.
ಪಕ್ಕೆಲುಬು ಎಣಿಸುತ್ತ ಹೋಗುತ್ತಿದೆ.
ನನ್ನ ಚೂರಿ ಮೂಳೆಯ ಹತ್ತಿರ ದಾರಿ ಕೇಳುತ್ತಿತ್ತು.
ಇದು ಕೇಳುವುದಿಲ್ಲ, ಮೂಳೆಯಲ್ಲೇ ನಡೆಯುತ್ತೆ.
ಕೈಗೆ ಏನೂ ಗೊತ್ತಾಗುವುದಿಲ್ಲ,
ಬರೀ ಗುಂಯ್.

ಬಾಲಕ್ಕೆ ಒಂದು ಬೆರಳು ಮೊದಲೇ ನಿಲ್ಲಿಸಿ,
ಮಗುಚಿ, ತೊಗಲ ಮೇಲೆ ಮಲಗಿಸಿ ಓಡಿಸಿದರೆ
ಅಷ್ಟೇ.
ಇಪ್ಪತ್ತು ಸೆಕೆಂಡು ಆಯಿತಾ?
ಮಣಿಕಟ್ಟಿಗೆ ಸುದ್ದಿಯೇ ಮುಟ್ಟಿಲ್ಲ.

ಬೆಳಕಿಗೆ ಹಿಡಿದರೆ ತುಂಡಿನಾಚೆ
ನಿನ್ನ ಗಾಜಿನ ಬಾಗಿಲ ಅಕ್ಷರಗಳು,
ತಿರುಗುಮುರುಗಾಗಿ, ಗುಲಾಬಿ ಬಣ್ಣದಲ್ಲಿ.
ಇಲ್ಲಿ ನೋಡು, ಪಕ್ಕೆಲುಬಿನ ಸಾಲು ಹಾಗೇ ಉಳಿದಿದೆ,
ಬಾಚಣಿಗೆಯ ಹಲ್ಲಿನಂತೆ.
ಅದಕ್ಕೆ ಹಳೆಯದೇ ಬೇಕು.
ಇದೆ, ಇನ್ನೊಂದು ಜೇಬಲ್ಲಿ.

ಎಷ್ಟಾಯಿತು? ಧೂಳಿಗೆ ಏನಾದರೂ ಕಡಿಮೆ ಮಾಡು.
ಎಕ್ಸ್‌ಟೆನ್ಷನ್ ವೈರೂ ಒಂದು ಹಾಕು,
ಹಲಗೆಯಿಂದ ಗೋಡೆಗೆ ಹನ್ನೆರಡು ಹೆಜ್ಜೆ.
ಮೀನು ನೀನೇ ಇಟ್ಟುಕೋ,
ಬೆಣ್ಣೆಯಲ್ಲಿ ಹುರಿ, ಉಪ್ಪು ಕಡಿಮೆ ಹಾಕು.
ಮುಳ್ಳು ನೋಡಿಕೊಂಡು ತಿನ್ನು, ಮೆರ್ಲ್,
ಒಂದೆರಡು ಉಳಿದಿರಬಹುದು.
ಹೊಸ ಕೈ.